ಮೊದಲು ತಟ್ಟೆ, ಆಮೇಲೆ ಮಾತು

“ತುತ್ತು ಎಣಿಸುವುದು ಸಮಾಲೋಚಕರ ಕೆಲಸವಲ್ಲ, ಅದಕ್ಕೆ ದಾದಿಯರಿದ್ದಾರೆ.” ಊಟ ಬಿಡುವ, ತಿಂದದ್ದನ್ನು ಕಕ್ಕುವ ಕಾಯಿಲೆಯ ಮಕ್ಕಳ ಜೊತೆ ಊಟದ ಹೊತ್ತಿಗೇ ಕೂರುತ್ತೇನೆ ಎಂದಾಗ, ಆರು ವರ್ಷದ ಹಿಂದೆ, ಸಮಾಲೋಚಕಿಯಾದ ನನಗೆ ಹೀಗೆ ಹೇಳಿದವರು ನಾನು ತುಂಬ ಗೌರವಿಸುವ ಹಿರಿಯರು. ಅವರ ಬಳಿಯೇ ನಾನು ಕೆಲಸ ಕಲಿತದ್ದು. ಮೂಲ ಕಾರಣ ಹುಡುಕದೆ, ಮನಸ್ಸಿನ ಗಂಟು ಬಿಡಿಸದೆ, ಮಗುವಿನ ಮುಂದೆ ತಟ್ಟೆ ಇಟ್ಟು ಕೂತರೆ ರೋಗ ಇನ್ನೂ ಒಳಗಿಳಿಯುತ್ತದೆ ಎಂಬುದು ಅವರ ವಾದ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇನ್ನಿಬ್ಬರೂ ಅದನ್ನೇ ಹೇಳಿದರು. ಹೋದ ವರ್ಷ ಆ ಇಬ್ಬರಲ್ಲಿ ಒಬ್ಬರು ತಮ್ಮ ಅಕ್ಕನ ಮಗಳನ್ನು ನನ್ನ ಹತ್ತಿರವೇ ಕಳಿಸಿದರು. ಅದಾದ ಮೇಲೆ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ಓದುವವರೂ ಇದೇ ಕೆಲಸದಲ್ಲಿರುವವರು ಎಂದುಕೊಂಡು ಬರೆಯುತ್ತಿದ್ದೇನೆ. ದಪ್ಪಗಾಗುವ ಭಯಕ್ಕೆ ಊಟ ಬಿಡುವ ಅನೊರೆಕ್ಸಿಯಾ ಯಾವುದು, ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವಂಥ ಬುಲಿಮಿಯಾ ಯಾವುದು, ಇವನ್ನು ಗುರುತಿಸುವ ಸ್ಕಾಫ್‌ನ ಐದು ಪ್ರಶ್ನೆಗಳು ಯಾವುವು ಎಂಬುದಕ್ಕೆ ಹೋಗುವುದಿಲ್ಲ. ಮಕ್ಕಳ ತೂಕ, ಕ್ಯಾಲೊರಿ ಲೆಕ್ಕವನ್ನೂ ಬರೆಯುವುದಿಲ್ಲ. ಕಾಯಿಲೆಯಲ್ಲಿರುವ ಮಗು ಇದನ್ನು ಓದಿದರೆ ಮೊದಲು ಹುಡುಕುವುದೇ ಆ ಅಂಕಿಯನ್ನು. ಮಕ್ಕಳ ಗುರುತು ಸಿಗದ ಹಾಗೆ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ.

ಮೊದಲ ಮೂರು ವರ್ಷ ನಾನು ಕಾರಣ ಅಗೆಯುತ್ತಿದ್ದೆ. ಯಾರು ಏನಂದರು, ಯಾವಾಗ ಅಂದರು, ಅಮ್ಮನ ಜೊತೆ ಹೇಗಿದೆ, ಓದಿನ ಒತ್ತಡ ಎಷ್ಟು. ಹದಿನಾಲ್ಕು ವರ್ಷದ ಒಬ್ಬ ಹುಡುಗಿ ಬರುತ್ತಿದ್ದಳು. ತನ್ನ ಮನಸ್ಸನ್ನು ಅವಳಷ್ಟು ಚೆನ್ನಾಗಿ ಬಿಡಿಸಿ ಹೇಳುವ ಮಗುವನ್ನು ನಾನು ನೋಡಿರಲಿಲ್ಲ. ವಾರಕ್ಕೊಂದು ಹೊಸ ಅರಿವು, ವಾರಕ್ಕೆರಡು ಪುಟ ಟಿಪ್ಪಣಿ. ಹನ್ನೊಂದೋ ಹನ್ನೆರಡೋ ಸೆಷನ್ ಆಗಿರಬೇಕು, ಒಂದು ಬೆಳಿಗ್ಗೆ ಅವಳ ತಾಯಿ ಫೋನ್ ಮಾಡಿದರು. ಬಚ್ಚಲಲ್ಲಿ ಬಿದ್ದಿದ್ದಾಳೆ, ಎಚ್ಚರವಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ನಾಡಿ ನಿಮಿಷಕ್ಕೆ ನಲವತ್ತಕ್ಕೂ ಕೆಳಗಿತ್ತು. ಅಷ್ಟು ವಾರ ನನ್ನೆದುರು ಕೂತಿದ್ದ ಮಗುವಿನ ನಾಡಿಯನ್ನು ನಾನು ಒಮ್ಮೆಯೂ ಹಿಡಿದು ನೋಡಿರಲಿಲ್ಲ. ಮಾತು ಅಷ್ಟು ಚೆನ್ನಾಗಿ ಸಾಗುತ್ತಿತ್ತು, ಮೈ ಕರಗುತ್ತಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ಅವಳು ಉಳಿದಳು. ಆದರೆ ಆ ಹನ್ನೆರಡು ವಾರ ನಾನು ಫೀಸು ತೆಗೆದುಕೊಂಡಿದ್ದೆ. ಅದನ್ನು ವಾಪಸು ಕೊಟ್ಟೆ. ಆ ತಂದೆ ತೆಗೆದುಕೊಳ್ಳಲು ಒಪ್ಪಲಿಲ್ಲ, ಒತ್ತಾಯ ಮಾಡಿ ಕೊಟ್ಟೆ.

ಆಮೇಲೆ ಹಳೆಯ ಓದನ್ನೆಲ್ಲ ಮತ್ತೆ ತೆಗೆದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಶರೀರವಿಜ್ಞಾನಿ ಆನ್ಸೆಲ್ ಕೀಸ್ ನಡೆಸಿದ ಅರೆಹೊಟ್ಟೆಯ ಪ್ರಯೋಗ ನಿಮಗೆಲ್ಲ ಗೊತ್ತು. ಗಟ್ಟಿಮುಟ್ಟಾದ 36 ಯುವಕರು, 24 ವಾರ ಅರೆಹೊಟ್ಟೆ, ತೂಕದಲ್ಲಿ ಸುಮಾರು ಕಾಲುಭಾಗ ಇಳಿಕೆ. ಯಾವ ಮನೋರೋಗವೂ ಇರದಿದ್ದವರು ಅಡುಗೆ ಪುಸ್ತಕ ಹಿಡಿದು ಕೂತರು, ಒಂದೊಂದು ಊಟವನ್ನೂ ಎಳೆದೆಳೆದು ಮಾಡಿದರು, ಸಿಡುಕಿದರು, ಕುಗ್ಗಿದರು, ಜನರಿಂದ ದೂರ ಸರಿದರು. ಇದನ್ನು ನಾನು ಪರೀಕ್ಷೆಗೆ ಓದಿದ್ದೆ, ನನ್ನ ಕೋಣೆಯಲ್ಲಿ ಕೂತ ಮಗುವಿಗೆ ಹೊಂದಿಸಿ ನೋಡಿರಲಿಲ್ಲ. ರೋಗದ ಕಾರಣ ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದರಲ್ಲಿ ಅರ್ಧಕ್ಕರ್ಧ ಹಸಿವಿನ ಫಲವಾಗಿತ್ತು. ಹಸಿದ ಮಿದುಳಿನ ಜೊತೆ ನಾನು ಮೂರು ವರ್ಷ ಸಮಾಲೋಚನೆ ನಡೆಸಿದ್ದೆ.

ಅಲ್ಲಿಂದ ಹಿಡಿದದ್ದು ಮಾಡ್ಸ್ಲೆ ದಾರಿ, ಅಂದರೆ ಕುಟುಂಬದವರ ಮೂಲಕವೇ ನಡೆಯುವ ಚಿಕಿತ್ಸೆಯಾದ ಎಫ್‌ಬಿಟಿ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲೆ ಆಸ್ಪತ್ರೆಯಲ್ಲಿ ಕ್ರಿಸ್ಟೋಫರ್ ಡೇರ್, ಐವಾನ್ ಐಸ್ಲರ್ ಮೊದಲಾದವರು ರೂಪಿಸಿದ್ದು. ತಂದೆತಾಯಿ ತಪ್ಪಿತಸ್ಥರಲ್ಲ, ಅವರೇ ಮುಖ್ಯ ಔಷಧ. ಕಾರಣ ಏನೇ ಇರಲಿ, ಮೊದಲು ಊಟದ ಹೊಣೆ ಅವರ ಕೈಗೆ. ತೂಕ ಏರಿದ ಮೇಲೆ ಆ ಹೊಣೆ ನಿಧಾನಕ್ಕೆ ಮಗುವಿಗೆ. ಉಳಿದ ಮಾತೆಲ್ಲ ಮೂರನೆಯ ಹಂತದಲ್ಲಿ. ಕೈಪಿಡಿಯ ಪ್ರಕಾರ ಎರಡನೆಯ ಸೆಷನ್‌ನಲ್ಲಿ ಕುಟುಂಬ ಒಮ್ಮೆ ಚಿಕಿತ್ಸಕರ ಎದುರು ಊಟ ಮಾಡುತ್ತದೆ. ನಾನು ಅಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಒಂದು ಊಟ ಸಾಲದು. ಮೊದಲ ಎರಡು ವಾರ ದಿನಕ್ಕೊಂದು ಊಟಕ್ಕೆ ನಾನು ಅವರ ಜೊತೆ ಇರುತ್ತೇನೆ. ಹತ್ತಿರದವರಾದರೆ ಮನೆಗೇ ಹೋಗುತ್ತೇನೆ, ದೂರದವರಾದರೆ ವಿಡಿಯೊ ಕರೆಯಲ್ಲಿ. ಹಿರಿಯರು ನಕ್ಕದ್ದು ಇದಕ್ಕೆ.

ಮೊದಲ ಬಾರಿ ಇದು ಪೂರ್ತಿ ಕೈಗೂಡಿದ ಊಟ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಹದಿನೈದು ವರ್ಷದ ಹುಡುಗಿ. ತಟ್ಟೆ ಬಡಿಸಿದ್ದು ತಾಯಿ. ಮೊದಲ ಇಪ್ಪತ್ತು ನಿಮಿಷ ಅವಳು ಒಂದೇ ತುಂಡನ್ನು ಚಮಚದ ಅಂಚಿನಿಂದ ಕತ್ತರಿಸುತ್ತ ಹೋದಳು. ಎರಡಾಯಿತು, ನಾಲ್ಕಾಯಿತು, ಕಡಲೆಕಾಳಿನಷ್ಟು ಸಣ್ಣದಾಯಿತು. ಅವನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ತಳ್ಳಿದಳು. ತಂದೆ ವಾದ ಶುರು ಮಾಡಿದರು, ದೇಹಕ್ಕೆ ಇಷ್ಟು ಶಕ್ತಿ ಬೇಕು, ವಿಜ್ಞಾನ ಹೀಗೆ ಹೇಳುತ್ತದೆ ಎಂದು. ಮಗಳಿಗೆ ಅದಕ್ಕಿಂತ ಹೆಚ್ಚು ವಿಜ್ಞಾನ ಗೊತ್ತಿತ್ತು. ನಾನು ಅವರಿಗೆ ಸುಮ್ಮನಿರಲು ಸನ್ನೆ ಮಾಡಿ, ಎದುರಿಗೆ ಕೂತಿದ್ದ ತಾಯಿಗೆ ಕುರ್ಚಿ ಎಳೆದುಕೊಂಡು ಮಗಳ ಪಕ್ಕಕ್ಕೆ ಬರಲು ಹೇಳಿದೆ. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

“ಅಮ್ಮಾ, ಹೊಟ್ಟೆ ತುಂಬಿದೆ.”

“ಗೊತ್ತು ಪುಟ್ಟಾ. ಮುಂದಿನ ತುತ್ತು ತಗೋ.”

“ಆಮೇಲೆ ತಿಂತೀನಿ.”

“ಈಗ ತಗೋ. ನಾನು ಇಲ್ಲೇ ಇದೀನಿ.”

ಇಷ್ಟೇ ಮಾತು, ಮತ್ತೆ ಮತ್ತೆ. ವಾದವಿಲ್ಲ, ಬೇಡಿಕೊಳ್ಳುವುದಿಲ್ಲ, ಹೆದರಿಸುವುದಿಲ್ಲ. ತಾಯಿ ಅದನ್ನು ಹದಿನೇಳು ಸಲ ಹೇಳಿದರು, ನಾನು ಪುಸ್ತಕದ ಅಂಚಿನಲ್ಲಿ ಗೀರು ಹಾಕಿಕೊಂಡಿದ್ದೆ. ನಲವತ್ತನೆಯ ನಿಮಿಷದ ಹೊತ್ತಿಗೆ ಹುಡುಗಿ ತಟ್ಟೆಯನ್ನು ತಳ್ಳಿದಳು. ಚಮಚ ನೆಲಕ್ಕೆ ಬಿತ್ತು. “ನೀವೆಲ್ಲ ಸೇರಿ ನನ್ನನ್ನ ದಪ್ಪ ಮಾಡೋಕೆ ನಿಂತಿದೀರ” ಎಂದು ಕಿರುಚಿದಳು. ತಂದೆ ಎದ್ದು ನಿಂತರು, ಮುಖ ಕೆಂಪಾಗಿತ್ತು. ನಾನು ಮೆಲ್ಲಗೆ, “ಸರ್, ಆ ಚಮಚ ತೊಳೆದು ತರ್ತೀರಾ” ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಬಗ್ಗಿ ಚಮಚ ಎತ್ತಿಕೊಂಡು ಒಳಗೆ ಹೋದರು. ನಲ್ಲಿ ತುಂಬ ಹೊತ್ತು ಹರಿಯಿತು. ವಾಪಸು ಬಂದಾಗ ಕಣ್ಣು ಒದ್ದೆಯಾಗಿತ್ತು, ದನಿ ಇಳಿದಿತ್ತು. ಚಮಚವನ್ನು ಮಗಳ ಕೈಗೆ ಕೊಟ್ಟು ಅವಳ ಇನ್ನೊಂದು ಪಕ್ಕದಲ್ಲಿ ಕೂತರು. ಒಟ್ಟು ಎಪ್ಪತ್ತು ಎಪ್ಪತ್ತೈದು ನಿಮಿಷ ಹಿಡಿಯಿತು, ತಟ್ಟೆ ಖಾಲಿಯಾಯಿತು. ಆಮೇಲಿನ ಒಂದು ಗಂಟೆ ಮೂವರೂ ಇಸ್ಪೀಟು ಆಡಿದರು. ಊಟದ ನಂತರದ ಆ ಒಂದು ಗಂಟೆ ಮಗುವನ್ನು ಒಬ್ಬಳನ್ನೇ ಬಿಡಬಾರದು ಎಂಬುದು ನನ್ನ ನಿಯಮ. ವಾಂತಿ ಇದ್ದರಂತೂ ಕಡ್ಡಾಯ.

ನಲವತ್ತನೆಯ ನಿಮಿಷದ ಆ ಬಿಕ್ಕಟ್ಟು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಬರುತ್ತದೆ. ಆಗ ಮಗುವಿನ ಕಿವಿಯಲ್ಲಿ ತಂದೆತಾಯಿ ಹೇಳುವ ಒಂದು ಮಾತು ನನ್ನ ಬಳಿ ಇದೆ. ಹತ್ತರಲ್ಲಿ ಏಳೆಂಟು ಸಲ ಅದು ಕೆಲಸ ಮಾಡಿದೆ. ಅದನ್ನು ಇಲ್ಲಿ ಬರೆಯಲಾರೆ, ಮೊದಲೇ ಓದಿಕೊಂಡ ಮಗುವಿನ ಮೇಲೆ ಅದು ನಾಟುವುದಿಲ್ಲ. ಹಾಗೆಯೇ ಊಟ ಬಚ್ಚಿಡುವ, ತೂಕ ಹೆಚ್ಚು ತೋರಿಸುವ ದಾರಿಗಳನ್ನೂ ಪಟ್ಟಿ ಮಾಡುವುದಿಲ್ಲ. ನೀವು ಐದಾರು ಮಕ್ಕಳನ್ನು ನೋಡಿದ್ದರೆ ನಿಮಗೇ ಗೊತ್ತಿರುತ್ತದೆ. ಗೊತ್ತಿರದ ಮಗುವಿಗೆ ನಾನು ಕಲಿಸಿಕೊಟ್ಟ ಹಾಗಾಗಬಾರದು.

ವೈದ್ಯರಿಲ್ಲದೆ ಇದಕ್ಕೆ ಕೈ ಹಾಕಬೇಡಿ. ನಾನು ಈಗ ಮೊದಲ ದಿನವೇ ಮಲಗಿದಾಗ ಮತ್ತು ನಿಂತಾಗ ನಾಡಿ, ಬಿಪಿ ನೋಡಿಸುತ್ತೇನೆ. ಇಸಿಜಿ, ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್ ಪರೀಕ್ಷೆ ಆಗಲೇಬೇಕು. ಎಚ್ಚರವಿರುವಾಗ ನಾಡಿ ಐವತ್ತಕ್ಕಿಂತ ಕೆಳಗಿದ್ದರೆ ನನ್ನ ಊಟದ ಮೇಜಿಗೆ ಆ ಮಗು ಬರುವುದಿಲ್ಲ, ಆಸ್ಪತ್ರೆಗೆ ಹೋಗುತ್ತದೆ. ಬಹಳ ದಿನ ಹೊಟ್ಟೆಗಿಲ್ಲದವರಿಗೆ ಒಮ್ಮೆಲೇ ತಿನ್ನಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯ ಬರಬಹುದು. ಎರಡನೆಯ ಕುಟುಂಬದಲ್ಲಿ ನನಗೆ ಇದರ ಬಿಸಿ ತಾಗಿತು. ಉತ್ಸಾಹದಲ್ಲಿ ತಂದೆತಾಯಿ ಮೊದಲ ದಿನವೇ ಎಲ್ಲವನ್ನೂ ದುಪ್ಪಟ್ಟು ಮಾಡಿದ್ದರು, ನಾಲ್ಕನೆಯ ದಿನ ಕಾಲು ಊದಿಕೊಂಡಿತು. ಅದೃಷ್ಟಕ್ಕೆ ವೈದ್ಯರು ಆ ದಿನವೇ ರಕ್ತಪರೀಕ್ಷೆಗೆ ಬರೆದಿದ್ದರು. ಇನ್ನೊಂದು ಮಾತು. ತೂಕ ‘ಸರಿಯಾಗಿದೆ’ ಎಂದ ಮಾತ್ರಕ್ಕೆ ಮೈಮರೆಯಬೇಡಿ. ದಪ್ಪಗಿದ್ದು ವೇಗವಾಗಿ ಇಳಿದ ಮಕ್ಕಳ ನಾಡಿಯೂ ಅಷ್ಟೇ ಕೆಳಗೆ ಹೋಗಿರಬಹುದು. ಅಂಥವರನ್ನು ಎಲ್ಲರೂ ಹೊಗಳುತ್ತಿರುತ್ತಾರೆ, ಅದಕ್ಕೇ ನಮ್ಮ ಬಳಿ ತಡವಾಗಿ ಬರುತ್ತಾರೆ. ಮುಟ್ಟು ನಿಂತಿದ್ದರೆ ಮಾತ್ರ ಅನೊರೆಕ್ಸಿಯಾ ಎಂಬ ಷರತ್ತನ್ನು, ಮನೋರೋಗ ಗುರುತಿಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5 ತೆಗೆದುಹಾಕಿದೆ. ಆದರೂ ಅದನ್ನೇ ಕಾಯುವವರನ್ನು ಈಗಲೂ ನೋಡುತ್ತೇನೆ.

ಇನ್ನು ದುಡ್ಡಿನ ವಿಷಯ. ಶುರುವಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಯಂತ್ರ ಕೊಂಡದ್ದು. ಕೊಬ್ಬೆಷ್ಟು, ಸ್ನಾಯುವೆಷ್ಟು, ನೀರೆಷ್ಟು ಎಂದು ಶೇಕಡಾ ಲೆಕ್ಕ ಮುದ್ರಿಸಿ ಕೊಡುವ ತೂಕದ ಯಂತ್ರ. ನನ್ನ ಎರಡು ತಿಂಗಳ ಸಂಪಾದನೆ ಅದಕ್ಕೇ ಹೋಯಿತು. ಸ್ನಾಯು ಏರುತ್ತಿದೆ ಎಂದು ಕಾಗದದಲ್ಲಿ ತೋರಿಸಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ. ಮಕ್ಕಳು ಆ ಕಾಗದದಲ್ಲಿ ನೋಡಿದ್ದು ಒಂದೇ ಸಾಲು, ಕೊಬ್ಬಿನ ಸಾಲು. ಒಬ್ಬ ಹುಡುಗಿ ಆ ಚೀಟಿಯನ್ನು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡು ತಿರುಗುತ್ತಿದ್ದಳು, ಮೂರು ವಾರ ಹಿಂದೆ ಬಿದ್ದೆವು. ಯಂತ್ರವನ್ನು ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರಿದೆ. ಈಗ ಇರುವುದು ಸಾದಾ ತಕ್ಕಡಿ. ವಾರಕ್ಕೆ ಒಮ್ಮೆ, ಒಂದೇ ಹೊತ್ತಿಗೆ. ತೂಕ ಮಗುವಿಗೂ ಗೊತ್ತಾಗುತ್ತದೆ, ತಂದೆತಾಯಿಗೂ ಗೊತ್ತಾಗುತ್ತದೆ, ಬಚ್ಚಿಡುವುದಿಲ್ಲ. ನೋಡಿದ ತಕ್ಷಣ ಮಗುವಿನ ಜೊತೆ ಹತ್ತು ನಿಮಿಷ ಒಬ್ಬಳೇ ಕೂರುತ್ತೇನೆ. ಆ ಹತ್ತು ನಿಮಿಷ ಉಳಿದ ಸೆಷನ್‌ಗಿಂತ ಹೆಚ್ಚು ಬೆಲೆಯದು.

ಊಟದ ಹೊತ್ತು ಎಂದರೆ ಸಂಜೆ, ರಾತ್ರಿ. ನನ್ನ ಬೇರೆ ಗ್ರಾಹಕರು ಬರುವ ಹೊತ್ತೂ ಅದೇ. ಮೊದಲ ವರ್ಷ ಆದಾಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಗಂಟೆಗೆ ಇಷ್ಟು ಎಂದು ಫೀಸು ಇಟ್ಟಿದ್ದೆ. ಊಟ ಎಪ್ಪತ್ತು ನಿಮಿಷ ಎಳೆದಾಗ ತಂದೆ ಗಡಿಯಾರ ನೋಡುವುದು, ಅದನ್ನು ಮಗು ನೋಡುವುದು, ತಾನು ಹೊರೆ ಎಂದುಕೊಂಡು ಚಮಚ ಕೆಳಗಿಡುವುದು. ಇದನ್ನು ಎರಡು ಮನೆಯಲ್ಲಿ ಕಂಡ ಮೇಲೆ ಗಂಟೆಯ ಲೆಕ್ಕ ಬಿಟ್ಟೆ. ಮೊದಲ ಎರಡು ವಾರಕ್ಕೆ ಒಟ್ಟು ಇಷ್ಟು, ಆಮೇಲೆ ತಿಂಗಳಿಗೆ ಇಷ್ಟು. ಕೊಡಲಾಗದವರಿಗೆ ಮೂರನೆಯ ತಿಂಗಳಿಂದ ಅರ್ಧ. ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡಾಗ ಆದ ಬಿಲ್ಲು, ನನ್ನ ಬಳಿ ಹತ್ತು ತಿಂಗಳು ಬಂದದ್ದಕ್ಕಿಂತ ಹೆಚ್ಚು ಎಂದು ಒಬ್ಬ ತಂದೆಯೇ ಲೆಕ್ಕ ಹಾಕಿ ತೋರಿಸಿದರು. ಆದರೆ ಮನೆಯವರ ನಿಜವಾದ ಖರ್ಚು ನನ್ನ ಫೀಸಲ್ಲ, ರಜೆ. ದಿನಕ್ಕೆ ಮೂರು ಊಟ, ಎರಡು ಮೂರು ತಿಂಡಿಗೆ ಒಬ್ಬರು ಜೊತೆಗಿರಬೇಕು. ಸಂಬಳವಿಲ್ಲದ ರಜೆ ಹಾಕಿ ಕೂತ ತಾಯಂದಿರಿದ್ದಾರೆ. ಈಗ ನಾನು ಮೊದಲ ದಿನವೇ ಕಾಗದ ತೆಗೆದು, ಯಾರು ಯಾವ ಊಟಕ್ಕೆ, ಅಜ್ಜಿ ಬರಬಹುದೇ, ಚಿಕ್ಕಪ್ಪ ಬರಬಹುದೇ ಎಂದು ಬರೆಸುತ್ತೇನೆ. ಇದನ್ನು ಬರೆಸದೆ ಶುರು ಮಾಡಿದ ಎಲ್ಲ ಮನೆಯಲ್ಲೂ ಐದನೆಯ ವಾರದ ಹೊತ್ತಿಗೆ ತಾಯಿ ಕುಸಿದಿದ್ದಾರೆ.

ಫಲಿತಾಂಶ ನೆನಪಿನಿಂದ ಹೇಳುತ್ತೇನೆ. ಈ ರೀತಿ ಕೈಗೆತ್ತಿಕೊಂಡ ಕುಟುಂಬಗಳು ಮೂವತ್ತರ ಆಸುಪಾಸು. ಅದರಲ್ಲಿ ಹದಿನೆಂಟು ಹತ್ತೊಂಬತ್ತು ಮಕ್ಕಳು ವರ್ಷದೊಳಗೆ ಪೂರ್ತಿ ದಡ ಸೇರಿದರು. ಆರೇಳು ಮಕ್ಕಳ ತೂಕ ಸರಿಯಾಯಿತು, ಮನಸ್ಸಿನ ಕಾಟ ಇನ್ನೂ ಇದೆ. ಇಬ್ಬರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಮೂರು ಕುಟುಂಬ ನಡುವೆಯೇ ಬಿಟ್ಟವು. ಸಂಶೋಧಕ ಜೇಮ್ಸ್ ಲಾಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ 121 ಮಕ್ಕಳ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದು ವರ್ಷವಾದಾಗ ಎಫ್‌ಬಿಟಿ ಪಡೆದವರಲ್ಲಿ 49%, ಒಬ್ಬೊಬ್ಬರ ಜೊತೆ ಮಾತಿನ ಚಿಕಿತ್ಸೆ ಪಡೆದವರಲ್ಲಿ 23% ಪೂರ್ತಿ ಚೇತರಿಸಿಕೊಂಡಿದ್ದರು. ನನ್ನ ಲೆಕ್ಕ ಅದಕ್ಕಿಂತ ಚೆನ್ನಾಗಿ ಕಾಣಲು ಕಾರಣವಿದೆ. ಕಾಯಿಲೆ ಶುರುವಾಗಿ ಒಂದೆರಡು ವರ್ಷದೊಳಗಿನವರನ್ನೇ ನಾನು ಹೆಚ್ಚಾಗಿ ತೆಗೆದುಕೊಂಡಿದ್ದೇನೆ. ಆದರೂ ಎರಡು ವಾರ ಮೇಜಿನ ಪಕ್ಕ ಕೂರುವುದರಿಂದ ಬಿಟ್ಟುಹೋಗುವವರು ಕಡಿಮೆಯಾದರು ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಎಲ್ಲ ಮನೆಗೂ ಇದು ಒಗ್ಗುವುದಿಲ್ಲ. ಮಾತುಮಾತಿಗೆ ಮಗುವನ್ನು ಚುಚ್ಚುವ ತಂದೆತಾಯಿಯನ್ನು ಮಗುವಿನ ಜೊತೆ ಒಂದೇ ಕೋಣೆಯಲ್ಲಿ ಕೂರಿಸಿದರೆ ಕೆಡುತ್ತದೆ. ಐಸ್ಲರ್ ಅವರ ತಂಡವೇ ಇದನ್ನು ಕಂಡುಕೊಂಡು ಬೇರೆಬೇರೆಯಾಗಿ ನೋಡುವ ದಾರಿ ತೋರಿಸಿದೆ. ನಾನು ಹಟ ಮಾಡಿ ಒಂದು ಮನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ, ಮೂರನೆಯ ವಾರ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಬಿಟ್ಟುಹೋದ ಮೂರರಲ್ಲಿ ಅದೂ ಒಂದು. ಹೊಡೆತ ಬಡಿತ ಇರುವ ಮನೆಗೆ ನಾನು ಈ ದಾರಿ ಹೇಳುವುದೇ ಇಲ್ಲ.

ದೇಹದ ಬಗೆಗಿನ ಕೊರಗಿನ ಮೇಲೆ ಹಲವು ಪ್ರಯೋಗ ಮಾಡಿದೆ, ಕೆಲವನ್ನು ಹೇಳುತ್ತೇನೆ. ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಿಸಿದ್ದು ಸೋತಿತು. ಮಕ್ಕಳು ಕಿಟಕಿ ಗಾಜಿನಲ್ಲಿ, ಫೋನಿನ ಕಪ್ಪು ಪರದೆಯಲ್ಲಿ ನೋಡಿಕೊಂಡರು, ಮಣಿಕಟ್ಟನ್ನು ಬೆರಳಿನಿಂದ ಅಳೆದುಕೊಂಡರು. ಕನ್ನಡಿಗೆ ಮುಚ್ಚಿದ ಬಟ್ಟೆ ತೆಗೆಸಿ, ಪೂರ್ತಿ ಉದ್ದದ ಕನ್ನಡಿ ಎದುರು ನನ್ನ ಜೊತೆ ನಿಂತು, ತಲೆಯಿಂದ ಪಾದದವರೆಗೆ ಬಣ್ಣ, ಆಕಾರ, ಗಾಯದ ಗುರುತು ಮಾತ್ರ ಹೇಳಬೇಕು, ಚೆನ್ನಾಗಿದೆ ಕೆಟ್ಟದಾಗಿದೆ ಅನ್ನಬಾರದು ಎಂದು ಅಭ್ಯಾಸ ಮಾಡಿಸಿದ್ದು ಫಲ ಕೊಟ್ಟಿತು. ಮೊದಲ ಸಲ ಹೆಚ್ಚಿನವರು ಹೊಟ್ಟೆಯ ಹತ್ತಿರ ಬಂದಾಗ ಅತ್ತರು. ಆರನೆಯ ಸಲಕ್ಕೆ ಹೊಟ್ಟೆಯನ್ನು ದಾಟಿ ಮೊಣಕಾಲಿಗೆ ಹೋದರು. ತೂಕ ಸರಿಯಾಗುವ ಮೊದಲು ಇದನ್ನು ಮಾಡಿಸಬೇಡಿ. ನಾನು ಅವಸರ ಮಾಡಿ ಒಬ್ಬಳನ್ನು ಎರಡು ವಾರ ಹಿಂದಕ್ಕೆ ತಳ್ಳಿದೆ.

ಅಮೆರಿಕದ ಮನೋವಿಜ್ಞಾನಿ ಎರಿಕ್ ಸ್ಟೈಸ್ ಅವರ ಬಾಡಿ ಪ್ರಾಜೆಕ್ಟ್ ಮಾದರಿಯಲ್ಲಿ ಏಳೆಂಟು ಹುಡುಗಿಯರ ಗುಂಪು ಕಟ್ಟಿದೆ. ಕಾಯಿಲೆ ಇನ್ನೂ ಬಲಿಯದೆ, ದೇಹದ ಚಿಂತೆ ಮಾತ್ರ ಇದ್ದವರು. ನಾವು ಉಪದೇಶ ಮಾಡುವುದರ ಬದಲು, ತೆಳ್ಳಗಿನ ಆದರ್ಶದ ವಿರುದ್ಧ ಅವರೇ ವಾದ ಮಾಡಬೇಕು. ತಮಗಿಂತ ಚಿಕ್ಕ ಹುಡುಗಿಯೊಬ್ಬಳಿಗೆ, ಇದರ ಬೆನ್ನು ಹತ್ತಬೇಡ ಎಂದು ಪತ್ರ ಬರೆಯಬೇಕು. ತನ್ನ ಬಾಯಿಂದಲೇ ಬಂದ ಮಾತನ್ನು ಅಲ್ಲಗಳೆಯುವುದು ಕಷ್ಟ. ನಾನು ಈ ಕೆಲಸದಲ್ಲಿ ಕಂಡ ಅತ್ಯಂತ ಅಗ್ಗದ ಮತ್ತು ಗಟ್ಟಿಯಾದ ಉಪಾಯ ಇದು. ಕಾಗದ, ಪೆನ್ನು, ಒಂದು ಕೋಣೆ ಸಾಕು.

ಫೋನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಫಿಜಿ ದೇಶದ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂದು ಮೂರು ವರ್ಷದಲ್ಲಿ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಹುಡುಗಿಯರು ಸೊನ್ನೆಯಿಂದ 11.3%ಕ್ಕೆ ಏರಿದ್ದನ್ನು ಸಂಶೋಧಕಿ ಆನ್ ಬೆಕರ್ ದಾಖಲಿಸಿದ್ದಾರೆ. ಹಾಗಾಗಿ ಪರದೆಯ ಪಾಲು ಇದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಫೋನ್ ಕಿತ್ತುಕೊಂಡ ಮನೆಯಲ್ಲೆಲ್ಲ ಊಟದ ಮೇಜಿನ ಜಗಳ ದುಪ್ಪಟ್ಟಾಯಿತು. ಈಗ ಮಗುವಿನ ಜೊತೆಯೇ ಕೂತು, ಬರುವ ಮೊದಲ ನೂರು ಪೋಸ್ಟ್ ಎಣಿಸುತ್ತೇವೆ, ಅದರಲ್ಲಿ ದೇಹ ಮತ್ತು ಡಯಟ್ ಎಷ್ಟು ಎಂದು. ಒಬ್ಬಳದು ಅರುವತ್ತು ದಾಟಿತ್ತು. ಬೇಡ ಎಂದು ಒತ್ತುತ್ತ, ಅನ್‌ಫಾಲೊ ಮಾಡುತ್ತ ತಿಂಗಳಾಗುವಷ್ಟರಲ್ಲಿ ಇಪ್ಪತ್ತರ ಒಳಗೆ ಬಂತು. ಅಂಕಿ ಇಳಿಸುವ ಹಟ ಆ ಮಕ್ಕಳಲ್ಲಿ ಮೊದಲೇ ಇರುತ್ತದೆ, ನಾನು ಅದನ್ನು ಇತ್ತ ತಿರುಗಿಸಿದೆ.

ಹುಡುಗರನ್ನು ನಾನು ಬಹಳ ತಡವಾಗಿ ಗಮನಿಸಿದೆ ಎಂಬ ಸಂಕಟ ನನಗಿದೆ. ಜಿಮ್, ಪ್ರೋಟೀನ್ ಪುಡಿ, ಬೆಳಗಿನ ಓಟ ಎಂದರೆ ಶಿಸ್ತು ಎಂದು ಎಲ್ಲರೂ ಮೆಚ್ಚುತ್ತಾರೆ. ಹದಿನಾರರ ಒಬ್ಬ ಹುಡುಗ ದಿನಕ್ಕೆ ಎರಡು ಸಲ ವ್ಯಾಯಾಮ ಮಾಡುತ್ತಿದ್ದ, ಗೆಳೆಯನ ಹುಟ್ಟುಹಬ್ಬಕ್ಕೂ ತನ್ನ ಡಬ್ಬಿ ಹಿಡಿದೇ ಹೋಗುತ್ತಿದ್ದ. ಅವನ ಮನೆಯಲ್ಲಿ ತಂದೆಯೂ ಡಯಟ್‌ನಲ್ಲಿದ್ದರು. ನಾನು ತಂದೆಗೆ ಹೇಳಿದೆ, “ಆರು ತಿಂಗಳು ನಿಮ್ಮ ಡಯಟ್ ನಿಲ್ಲಿಸಿ, ಮಗ ಏನು ತಿನ್ನಬೇಕೋ ಅದನ್ನೇ ಅವನ ಪಕ್ಕ ಕೂತು ತಿನ್ನಿ.” ಅವರು ಒಂದು ವಾರ ಯೋಚಿಸಿ ಒಪ್ಪಿದರು. ಆ ಮನೆಯಲ್ಲಿ ನಾನು ಮಾಡಿದ್ದು ಕಡಿಮೆ, ಆ ತಂದೆ ಮಾಡಿದ್ದೇ ಹೆಚ್ಚು.

ಇಸ್ಪೀಟು ಆಡಿದ ಆ ಹುಡುಗಿಯದು ಹತ್ತನೆಯ ತಿಂಗಳಿಗೆ ಕೊನೆಯ ಸೆಷನ್. ಅಮ್ಮನಿಗಿಂತ ಮುಂದೆ ಓಡಿ ಬಂದಳು, ಉಸಿರು ಹತ್ತಿತ್ತು. ಮರುದಿನದ ಪರೀಕ್ಷೆಯ ಬಗ್ಗೆ, ಜಗಳವಾಡಿದ ಗೆಳತಿಯ ಬಗ್ಗೆ ಒಂದೇ ಸಮನೆ ಹೇಳುತ್ತ ಹೋದಳು. ಕೈಯಲ್ಲಿ ಅರ್ಧ ತಿಂದ ತಿಂಡಿ ಇತ್ತು. ಅದು ಕೈಯಲ್ಲಿದೆ ಎಂಬ ಪರಿವೆಯೇ ಇಲ್ಲದೆ ಮಾತಿನ ನಡುವೆ ಕಚ್ಚುತ್ತಿದ್ದಳು, ತುಟಿಯ ಅಂಚಿನಲ್ಲಿ ಪುಡಿ ಅಂಟಿತ್ತು. ಬಾಗಿಲಲ್ಲಿ ನಿಂತ ಅವಳ ತಾಯಿ ನನ್ನ ಮುಖ ನೋಡಿದರು. ನಾನು ಪರೀಕ್ಷೆ ಎಷ್ಟು ಗಂಟೆಗೆ ಎಂದು ಕೇಳಿದೆ.